ಗರಡಿಯ ಕಲ್ಲು, ಚೆಂಡಾಟದ ಕಲ್ಲು

ಬಾಂದ್ರಾದ ಜಿಮ್‌ಗಳಲ್ಲಿ ಈಚೆಗೆ ಉದ್ದನೆಯ ಉಕ್ಕಿನ ದಂಡವೊಂದು ಕಾಣಿಸಿಕೊಳ್ಳುತ್ತಿದೆ. ಅದರ ತುದಿಗೊಂದು ಉಕ್ಕಿನ ಗುಂಡು. ಹೆಸರು ಮೇಸ್. ಹೊರದೇಶದಿಂದ ಬಂದ ಹೊಸ ವಿದ್ಯೆ ಎಂಬಂತೆ ಅದನ್ನು ಕಲಿಸುತ್ತಾರೆ. ಮೈಸೂರು, ಬೆಳಗಾವಿ, ವಿಜಯಪುರದ ಕಡೆಯಿಂದ ಮುಂಬಯಿಗೆ ಬಂದು ನೆಲೆಸಿದ ಹಿರಿಯರು ಅದನ್ನು ನೋಡಿದ ಕೂಡಲೇ ಗುರುತಿಸುತ್ತಾರೆ: ಇದು ನಮ್ಮ ಗರಡಿಯ ಗದೆ. ಕಲ್ಲು ಹೋಗಿ ಉಕ್ಕು ಬಂದಿದೆ, ಬಿದಿರು ಹೋಗಿ ಕೊಳವೆ ಬಂದಿದೆ, ಬೀಸುವ ವರಸೆ ಮಾತ್ರ ಹಾಗೇ ಉಳಿದಿದೆ.

ಜಿಮ್‌ಗೆ ಬಂದದ್ದು ಗದೆ ಒಂದೇ. ಗರಡಿಯ ಉಳಿದ ಕಲ್ಲುಗಳು ಊರಲ್ಲೇ ಉಳಿದವು, ಬಹಳಷ್ಟು ಮೂಲೆಗೆ ಬಿದ್ದವು. ಅವು ಏನು, ಹೇಗೆ ಕೆಲಸ ಮಾಡುತ್ತವೆ ಎಂದು ಬಿಡಿಸಿ ಹೇಳುವುದು ಈ ಬರಹದ ಕೆಲಸ. ಇದಕ್ಕೆ ಜೋಡಿಯಾಗಿ ಭೂಗೋಳದ ಆಚೆ ಬದಿಯ ಇನ್ನೊಂದು ಕಲ್ಲಿನ ಸಂಸಾರವನ್ನೂ ನೋಡಬೇಕು. ಮೆಕ್ಸಿಕೊದ ಪ್ರಾಚೀನ ಚೆಂಡಾಟದ ಕೆತ್ತನೆಗಲ್ಲುಗಳವು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಒಂದು ವಿಷಯ ಎದ್ದು ಕಾಣುತ್ತದೆ. ಸೆಣಸಾಟ ಎಲ್ಲಿ ದೇವರ ಕೆಲಸವೂ ಆಗಿತ್ತೋ ಅಲ್ಲಿ ಸಾಧನ ಎರಡಾಗಿ ಒಡೆಯುತ್ತದೆ: ದುಡಿಯುವುದಕ್ಕೊಂದು, ಮೆರೆಯುವುದಕ್ಕೊಂದು.

ಮೊದಲು ಗದೆ. ಬಿದಿರಿನ ದಂಡ, ತುದಿಗೆ ದುಂಡನೆಯ ಕಲ್ಲು. ಕಲ್ಲಿನ ತೂಕಕ್ಕಿಂತ ಆ ತೂಕ ಎಲ್ಲಿ ಕೂತಿದೆ ಎಂಬುದೇ ಇಲ್ಲಿ ಮುಖ್ಯ. ಹತ್ತು ಕಿಲೋ ಕಲ್ಲನ್ನು ಎದೆಗೆ ಆನಿಸಿ ಹಿಡಿಯುವುದು ಯಾರಿಗೂ ಕಷ್ಟವಲ್ಲ. ಅದೇ ಕಲ್ಲನ್ನು ಮೂರಡಿ ದಂಡದ ತುದಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಮಾತ್ರ ಹಿಡಿದುಕೊಂಡರೆ ಮಣಿಕಟ್ಟು ತಿರುಚಿಕೊಳ್ಳುತ್ತದೆ. ದೂರ ಹೆಚ್ಚಿದಷ್ಟೂ ತಿರುಚುವ ಬಲ ಹೆಚ್ಚುತ್ತದೆ. ಪೈಲ್ವಾನ ಗದೆಯನ್ನು ಒಂದು ಭುಜದ ಮೇಲಿಂದ ಬೆನ್ನ ಹಿಂದಕ್ಕೆ ಇಳಿಬಿಡುತ್ತಾನೆ. ಅದು ಬೆನ್ನ ಹಿಂದೆ ತೂಗಿ ಇನ್ನೊಂದು ಬದಿಗೆ ಬಂದಾಗ ಆ ಓಟವನ್ನೇ ಬಳಸಿಕೊಂಡು ಮತ್ತೊಂದು ಭುಜದ ಮೇಲಿಂದ ಮುಂದಕ್ಕೆ ಎಳೆದುಕೊಳ್ಳುತ್ತಾನೆ. ಬರೀ ತೋಳಿನ ಬಲದಿಂದ ಎಳೆಯಲು ಹೋದವನು ಬೇಗ ಸೋಲುತ್ತಾನೆ. ಉಸಿರು, ಸೊಂಟ, ಭುಜ ಮೂರೂ ಒಂದೇ ಲಯಕ್ಕೆ ಬಂದಾಗಲೇ ಗದೆ ತಾನಾಗಿ ತಿರುಗುತ್ತದೆ. ಎದುರಾಳಿಯ ಕತ್ತಿಗೆ ಕೈಹಾಕಿ ಕೆಳಕ್ಕೆ ಜಗ್ಗುವ ಪಟ್ಟಿಗೆ ಬೇಕಾದ ಹಿಡಿತ ಮತ್ತು ಭುಜಬಲ ಇದರಿಂದ ಬರುತ್ತದೆ.

ಎರಡನೆಯದು ಹಿಡಿ ಕೊರೆದ ಕಲ್ಲು. ಮಹಾರಾಷ್ಟ್ರ ಮತ್ತು ಉತ್ತರದ ಅಖಾಡಗಳಲ್ಲಿ ಇದಕ್ಕೆ ನಾಲ್ ಎನ್ನುತ್ತಾರೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಪಣಕ್ಕೆ ಬಿದ್ದು ಎತ್ತುವ ಸಂಗ್ರಾಣಿ ಕಲ್ಲು ಇದರ ಬಂಧು. ನಾಲ್ ಒಂದು ಕಲ್ಲಿನ ಉರುಳೆ. ಅದರ ಹೊಟ್ಟೆಯನ್ನು ಕೊರೆದು ಒಳಗೆ ಅಡ್ಡಲಾಗಿ ಹಿಡಿ ಬಿಟ್ಟಿರುತ್ತಾರೆ. ಕೈ ಕಲ್ಲಿನ ಒಳಗೇ ಇರುವುದರಿಂದ ತೂಕ ಕೈಯ ಸುತ್ತಲೂ ಸಮವಾಗಿ ಹಂಚಿಹೋಗುತ್ತದೆ. ಇದು ಗದೆಗೆ ನೇರ ವಿರುದ್ಧ. ಅಲ್ಲಿ ತಿರುಚುವ ಬಲವೇ ಪಾಠ, ಇಲ್ಲಿ ತಿರುಚು ತೀರಾ ಕಡಿಮೆ, ನೇರ ಎತ್ತುವಿಕೆಯೇ ಪಾಠ. ಹಳೆಯ ನಾಲ್ ಒಂದನ್ನು ಹತ್ತಿರದಿಂದ ನೋಡಿ. ಹೊರಮೈಯಲ್ಲಿ ಉಳಿಯ ಏಟುಗಳು ಇನ್ನೂ ಒರಟಾಗಿ ಕೈಗೆ ಹತ್ತುತ್ತವೆ. ಒಳಗಿನ ಹಿಡಿಯ ಮೇಲೆ ಬೆರಳಾಡಿಸಿದರೆ ಜಾರುತ್ತದೆ. ಎಣ್ಣೆ, ಮಣ್ಣು, ಬೆವರು ಸೇರಿ ಎಷ್ಟೋ ತಲೆಮಾರುಗಳ ಅಂಗೈ ಅದನ್ನು ಉಜ್ಜಿ ನುಣುಪು ಮಾಡಿರುತ್ತದೆ. ಹಿಡಿಯ ಒಂದು ಬದಿ ಹೆಚ್ಚು ಸವೆದಿದ್ದರೆ ಹೆಬ್ಬೆರಳು ಕೂರುತ್ತಿದ್ದದ್ದು ಅಲ್ಲಿ ಎಂದು ತಿಳಿಯಬಹುದು.

ಮೂರನೆಯದನ್ನು ಈಗಿನ ಹುಡುಗರು ಕಂಡಿರುವುದು ಅಪರೂಪ. ಅದು ಕತ್ತಿಗೆ ತೊಡುವ ಕಲ್ಲಿನ ಬಳೆ. ಹಿಂದಿಯವರು ಗರ್ ನಾಲ್ ಎನ್ನುತ್ತಾರೆ. ಇದನ್ನು ಕೊರಳಿಗೆ ಹಾಕಿಕೊಂಡು ದಂಡ ಹೊಡೆಯುತ್ತಾರೆ, ಬಸ್ಕಿ ತೆಗೆಯುತ್ತಾರೆ. ಬಸ್ಕಿಯಲ್ಲಿ ಭಾರ ನೇರವಾಗಿ ತೊಡೆಗೆ ಇಳಿಯುತ್ತದೆ. ದಂಡದಲ್ಲಿ ಮೈ ಮುಂದಕ್ಕೆ ಜಾರಿದಾಗ ಕಲ್ಲು ಕತ್ತನ್ನು ನೆಲದ ಕಡೆಗೆ ಎಳೆಯುತ್ತದೆ, ಕತ್ತು ಅದನ್ನು ತಡೆಹಿಡಿಯುತ್ತದೆ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗದಂತೆ ಕಾಯುವುದು ಕೊನೆಗೆ ಈ ಕತ್ತೇ. ಜ್ಯೇಷ್ಠಿಮಲ್ಲರ ಕುರಿತ ಮಲ್ಲಪುರಾಣ ಎಂಬ ಸಂಸ್ಕೃತ ಗ್ರಂಥ ವ್ಯಾಯಾಮಗಳನ್ನು ಪಟ್ಟಿ ಮಾಡುವಾಗ ಹಗುರ ಮತ್ತು ಭಾರದ ಗೋಣಿತಕ ಎಂಬ ಎರಡನ್ನು ಹೇಳುತ್ತದೆ. ವಿದ್ವಾಂಸರು ಇದನ್ನು ಕಲ್ಲಿನ ಬಳೆಯ ಸಾಧನೆ ಎಂದೇ ಗುರುತಿಸಿದ್ದಾರೆ. ಆ ಜ್ಯೇಷ್ಠಿಮಲ್ಲರೇ ನಮ್ಮ ಮೈಸೂರಿನ ಜೆಟ್ಟಿಗಳು. ಅವರ ವಿಷಯಕ್ಕೆ ಮುಂದೆ ಬರುತ್ತೇನೆ.

ಕೊನೆಯದು ಗುಂಡು. ಹಿಡಿ ಇಲ್ಲ, ಕಚ್ಚು ಇಲ್ಲ, ಬೆರಳು ಸಿಕ್ಕಿಸಲು ಒಂದು ಗೆರೆಯೂ ಇಲ್ಲ. ಆದ್ದರಿಂದ ಗುಂಡನ್ನು ಕೈಯಿಂದ ಎತ್ತುವುದಲ್ಲ, ಮೈಯಿಂದ ಏರಿಸಿಕೊಳ್ಳುವುದು. ಕುಕ್ಕರುಗಾಲಲ್ಲಿ ಕೂತು ಎರಡೂ ಅಂಗೈಯನ್ನು ಕಲ್ಲಿನಡಿಗೆ ತೂರಿಸಿ ಮೊದಲು ಮೊಣಕಾಲಿಗೆ, ಅಲ್ಲಿಂದ ತೊಡೆಗೆ, ತೊಡೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಎದೆಗೆ ಉರುಳಿಸಿಕೊಳ್ಳಬೇಕು. ಪ್ರತಿ ಹಂತದಲ್ಲೂ ಕಲ್ಲು ಮೈಗೆ ಅಂಟಿಕೊಂಡೇ ಇರಬೇಕು. ಒಂದು ಗೇಣು ದೂರ ಸರಿದರೂ ಸೊಂಟ ಹಿಡಿಯುತ್ತದೆ. ಎದೆಗೆ ಬಂದ ಕಲ್ಲನ್ನು ಭುಜಕ್ಕೆ ಏರಿಸಿ ಬೆನ್ನ ಹಿಂದೆ ಎಸೆದಾಗ ಜಾತ್ರೆಯ ಜನ ಕೇಕೆ ಹಾಕುತ್ತಾರೆ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವ ಸ್ಪರ್ಧೆ ಇಂದಿಗೂ ಕಳೆಗಟ್ಟುತ್ತದೆ.

ಇವೆಲ್ಲ ಕಲ್ಲೇ ಏಕೆ? ಕಬ್ಬಿಣ ದುಬಾರಿ, ತುಕ್ಕು ಬೇರೆ. ಕಲ್ಲಾದರೆ ಊರ ಗುಡ್ಡದಲ್ಲಿ ಸಿಗುತ್ತದೆ, ಕಲ್ಲುಕುಟಿಗ ಊರಲ್ಲೇ ಇರುತ್ತಾನೆ, ಕೂಲಿ ಕಾಳಿನಲ್ಲಿ ಸಂದಾಯವಾಗುತ್ತಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದ ಮಲ್ಲವಿನೋದ ಪ್ರಕರಣ ಜಟ್ಟಿಗಳ ಆಹಾರ, ಅಭ್ಯಾಸ, ಭಾರದ ಸಾಧನೆ ಇವನ್ನೆಲ್ಲ ರಾಜನೇ ಕೂತು ಗಮನಿಸಬೇಕಾದ ವಿಷಯವೆಂದು ವಿವರಿಸುತ್ತದೆ. ಭಾರದ ಸಾಧನೆ ಅರಸನ ಅಖಾಡಕ್ಕೂ ಹಳ್ಳಿಯ ಗರಡಿಗೂ ಸೇರಿದ್ದು.

ಗೆದ್ದವನಿಗೆ ಕೊಡುವುದು ಏನನ್ನು? ಅದೂ ಗದೆಯೇ, ಆದರೆ ಬೆಳ್ಳಿಯದು. ಮಹಾರಾಷ್ಟ್ರ ಕೇಸರಿಯಾದವನ ಹೆಗಲ ಮೇಲೆ ಮಿಂಚುವ ಬೆಳ್ಳಿಗದೆಯನ್ನು ಮುಂಬಯಿಯ ಕನ್ನಡಿಗರು ಪತ್ರಿಕೆಗಳಲ್ಲಿ ನೋಡಿಯೇ ಇರುತ್ತಾರೆ. ನಮ್ಮಲ್ಲಿ ದಸರಾ ಕುಸ್ತಿಯ ವಿಜೇತರೂ ಗದೆ ಹೊತ್ತೇ ಮೆರವಣಿಗೆ ಹೋಗುತ್ತಾರೆ. ಆ ಗದೆಯಿಂದ ಯಾರೂ ಸಾಮು ತೆಗೆಯುವುದಿಲ್ಲ. ಬೀಸಿದರೆ ಬೆಳ್ಳಿ ತಗಡು ನೆಗ್ಗುತ್ತದೆ. ಅದರ ಕೆಲಸ ಹೆಗಲೇರುವುದು, ಆಮೇಲೆ ದೇವರ ಮನೆಯಲ್ಲೋ ಗಾಜಿನ ಕಪಾಟಿನಲ್ಲೋ ನಿಲ್ಲುವುದು. ದುಡಿದ ಕಲ್ಲುಗದೆ ಗರಡಿಯ ಗೋಡೆಗೆ ಒರಗಿಕೊಂಡು ನಾಳೆಯ ಹುಡುಗನಿಗಾಗಿ ಕಾಯುತ್ತದೆ.

ಮೆಕ್ಸಿಕೊದಲ್ಲಿ ಇದು ತಿರುಗುಮುರುಗು. ಅಲ್ಲಿ ದುಡಿದದ್ದು ಚರ್ಮ ಮತ್ತು ಮರ, ಮೆರೆದದ್ದು ಕಲ್ಲು.

ಮಧ್ಯ ಅಮೆರಿಕದ ಚೆಂಡಾಟಕ್ಕೆ ಮೂರು ಸಾವಿರ ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಓಲ್ಮೆಕ್, ಮಾಯಾ, ಆಜ್ಟೆಕ್ ಜನ ಎಲ್ಲರೂ ಅದನ್ನು ಆಡಿದರು. ಚೆಂಡು ಗಟ್ಟಿ ರಬ್ಬರಿನದು. ಮರದ ಹಾಲಿಗೆ ಒಂದು ಬಗೆಯ ಬಳ್ಳಿಯ ರಸ ಬೆರೆಸಿ ಪುಟಿಯುವ ರಬ್ಬರು ಮಾಡುವ ವಿದ್ಯೆ ಅವರಿಗೆ ಗೊತ್ತಿತ್ತು. ಯುರೋಪಿನವರಿಗೆ ಅಂಥ ರಬ್ಬರಿನ ಚೆಂಡು ಹೊಸದು. ಆಟದ ಹೆಚ್ಚು ಪ್ರಸಿದ್ಧ ರೂಪದಲ್ಲಿ ಚೆಂಡನ್ನು ಕೈಯಿಂದ ಮುಟ್ಟುವಂತಿಲ್ಲ, ಕಾಲಿನಿಂದ ಒದೆಯುವಂತಿಲ್ಲ, ಸೊಂಟದಿಂದ ಹೊಡೆಯಬೇಕು. ಮೆಕ್ಸಿಕೊದ ಸಿನಾಲೋವಾದಲ್ಲಿ ಉಳಿದಿರುವ ಉಲಾಮಾ ಆಟದಲ್ಲಿ ಇಂದಿಗೂ ಹೀಗೇ ಆಡುತ್ತಾರೆ. ಆ ಚೆಂಡು ಮೂರು ಕಿಲೋ ಮೀರುತ್ತದೆ. ವೇಗವಾಗಿ ಬರುವ ಮೂರು ಕಿಲೋ ಗಟ್ಟಿ ರಬ್ಬರು ಬರಿಸೊಂಟಕ್ಕೆ ಬಡಿದರೆ ಮೂಳೆ ಉಳಿಯುವುದು ಕಷ್ಟ. ಹಾಗಾಗಿ ಆಟಗಾರರು ಸೊಂಟಕ್ಕೆ ದಪ್ಪ ಕವಚ ಕಟ್ಟಿಕೊಳ್ಳುತ್ತಿದ್ದರು. 16ನೇ ಶತಮಾನದಲ್ಲಿ ಸ್ಪೇನಿನ ಅರಸ ಐದನೆಯ ಚಾರ್ಲ್ಸ್‌ನ ಆಸ್ಥಾನಕ್ಕೆ ಕರೆತಂದ ಆಜ್ಟೆಕ್ ಆಟಗಾರರನ್ನು ಕ್ರಿಸ್ಟಾಫ್ ವೈಡಿಟ್ಜ್ ಎಂಬ ಜರ್ಮನ್ ಕಲಾವಿದ ಚಿತ್ರಿಸಿದ್ದಾನೆ. ಅದರಲ್ಲಿ ಸೊಂಟದ ಹಿಂಬದಿಯ ಚರ್ಮದ ಕವಚ ಸ್ಪಷ್ಟವಾಗಿ ಕಾಣುತ್ತದೆ.

ಮೆಕ್ಸಿಕೊದ ಪೂರ್ವ ಕರಾವಳಿಯಲ್ಲಿ ವೆರಾಕ್ರೂಜ್ ಪ್ರಾಂತವಿದೆ. ಅಲ್ಲಿ ಸುಮಾರು ಕ್ರಿ.ಶ. 300ರಿಂದ 900ರ ನಡುವೆ, ಕೆಲವು ಅದಕ್ಕೂ ಈಚೆಗೆ, ಇದೇ ಕವಚವನ್ನು ಕಲ್ಲಿನಲ್ಲಿ ಕೆತ್ತಿದರು. ಒಂದು ಬದಿ ತೆರೆದ, ಕುದುರೆ ಲಾಳದ ಆಕಾರದ ಈ ಕಲ್ಲಿಗೆ ಬಹಳ ಕಾಲದ ಮೇಲೆ ಸ್ಪ್ಯಾನಿಷ್ ಮಾತಾಡುವವರು ಯೂಗೊ, ಅಂದರೆ ನೊಗ ಎಂದು ಹೆಸರಿಟ್ಟರು. ತೂಕ 20 ಕಿಲೋದ ಆಸುಪಾಸು, ಕೆಲವು ಇನ್ನೂ ಹೆಚ್ಚು. ಹಸಿರು ಕಲ್ಲು ಅಥವಾ ಕಪ್ಪು ಕಲ್ಲು, ಕನ್ನಡಿಯಂತೆ ಉಜ್ಜಿದ್ದು. ಕಪ್ಪೆಯ ರೂಪದ ನೊಗ ಒಂದನ್ನು ಊಹಿಸಿಕೊಳ್ಳಿ. ಬಾಗಿದ ಭಾಗದಲ್ಲಿ ಅಗಲ ಬಾಯಿಯ ಮುಖ, ಊದಿದ ಕಣ್ಣು. ಎರಡೂ ತೋಳುಗಳ ಉದ್ದಕ್ಕೆ ಮಡಿಸಿದ ಕಾಲುಗಳು, ಅವುಗಳ ಸಂದಿಯಲ್ಲೆಲ್ಲ ಸುರುಳಿ ಸುರುಳಿ ಬಳ್ಳಿ. ಕಪ್ಪೆ ಅಲ್ಲಿಯವರಿಗೆ ಭೂಮಿಯ ಪ್ರಾಣಿ, ಪಾತಾಳದ ಬಾಯಿ. ಅದನ್ನು ಸೊಂಟಕ್ಕೆ ಇಟ್ಟುಕೊಂಡವನು ಅರ್ಧ ಭೂಮಿಯ ಒಳಗೆ ನಿಂತ ಹಾಗೆ. ಚೆಂಡಾಟದ ಅಂಗಳವನ್ನು ಅವರು ಪಾತಾಳಕ್ಕೆ ಇಳಿಯುವ ಬಾಗಿಲು ಎಂದು ಬಗೆದಿದ್ದರು. ಮಾಯಾ ಜನರ ಪೊಪೊಲ್ ವೂಹ್ ಕಥೆಯಲ್ಲಿ ಅವಳಿ ವೀರರು ಪಾತಾಳದ ಒಡೆಯರ ಜೊತೆ ಆಡುವುದೂ ಚೆಂಡಾಟವನ್ನೇ.

ನೊಗದ ಜೊತೆಗೆ ಇನ್ನೆರಡು ಕಲ್ಲು. ಹಾಚಾ ಎಂಬುದು ತೆಳ್ಳಗಿನ, ಕೊಡಲಿಯಲಗಿನಂಥ ತಲೆ. ಪಕ್ಕದಿಂದ ನೋಡಿದರೆ ಮನುಷ್ಯನ ಮುಖವೋ ಹಕ್ಕಿಯ ಮುಖವೋ ಕಾಣುತ್ತದೆ, ಎದುರಿನಿಂದ ನೋಡಿದರೆ ಬರೀ ಒಂದು ಅಂಚು. ಪಾಲ್ಮಾ ಎಂಬುದು ಎತ್ತರಕ್ಕೆ ಬೀಸಣಿಗೆಯಂತೆ ಅರಳಿದ ಕಲ್ಲು, ಎರಡಡಿ ಎತ್ತರದವೂ ಇವೆ. ಇವು ಹೇಗೆ ಕೂರುತ್ತಿದ್ದವು ಎಂಬುದನ್ನು ಕಲ್ಲಿನ ಹಿಂಬದಿ ಹೇಳುತ್ತದೆ. ಅನೇಕ ಹಾಚಾಗಳ ಹಿಂಬದಿಯಲ್ಲಿ ಕಚ್ಚು ಇದೆ. ಪಾಲ್ಮಾದ ತಳ ಒಳಕ್ಕೆ ಬಾಗಿದೆ, ನೊಗದ ದುಂಡಗಿನ ಮೈಮೇಲೆ ಕೂರುವಂತೆ. ಎಲ್ ತಾಹಿನ್ ಎಂಬ ಹಳೆಯ ನಗರದ ದಕ್ಷಿಣದ ಚೆಂಡಂಗಳದ ಗೋಡೆಯಲ್ಲಿ ಆರು ಕೆತ್ತನೆಯ ಫಲಕಗಳಿವೆ. ಅಲ್ಲಿಯ ಆಟಗಾರರ ಸೊಂಟದಲ್ಲಿ ನೊಗ, ಅದರ ಮುಂಭಾಗದಲ್ಲಿ ಪಾಲ್ಮಾ ಎದ್ದು ನಿಂತಿದೆ. ಒಂದು ಫಲಕದಲ್ಲಿ ಇಬ್ಬರು ಸೇರಿ ಮೂರನೆಯವನ ಎದೆಗೆ ಕತ್ತಿ ಇಳಿಸುತ್ತಿದ್ದಾರೆ. ಕೆಲವೊಮ್ಮೆ ಆಟ ಮುಗಿದಲ್ಲಿ ಬಲಿ ಶುರುವಾಗುತ್ತಿತ್ತು.

ಈ ನೊಗಗಳು ಯಾಕಿವೆ ಎಂದು ಬಹಳ ಕಾಲ ಪಂಡಿತರು ತಲೆ ಕೆಡಿಸಿಕೊಂಡಿದ್ದರು. ಬಲಿಯಾಗುವವನ ಕತ್ತು ಅದುಮಿ ಹಿಡಿಯಲು ಎಂದವರೂ ಇದ್ದರು. ನ್ಯೂಯಾರ್ಕಿನ ಅಮೆರಿಕನ್ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ಗಾರ್ಡನ್ ಎಕ್‌ಹೋಮ್ 1946ರಲ್ಲಿ ಬರೆದ ಲೇಖನದಲ್ಲಿ ಇವು ಚೆಂಡಾಟಗಾರನ ಸೊಂಟದ ಕವಚದ ರೂಪ ಎಂದು ವಾದಿಸಿದರು. ಇಂದು ಅದನ್ನೇ ಬಹುತೇಕ ಎಲ್ಲರೂ ಒಪ್ಪುತ್ತಾರೆ. ಈ ಭಾರ ಹೊತ್ತು ಓಡಿ ಜಿಗಿದು ಆಡಿದರೇ, ಮೆರವಣಿಗೆಗೆ ಮಾತ್ರ ತೊಟ್ಟರೇ ಎಂಬ ಚರ್ಚೆ ಆಮೇಲೂ ನಡೆಯಿತು. ನನ್ನ ತೀರ್ಪು ಎರಡನೆಯದರ ಕಡೆಗೆ. ನೆಲಕ್ಕೆ ಬಿದ್ದು ಚೆಂಡು ಹೊಡೆಯಬೇಕಾದ ಆಟದಲ್ಲಿ ನುಣುಪು ಕೆತ್ತನೆಯ ಕಲ್ಲು ತೊಟ್ಟರೆ ಮೊದಲ ಸಲ ಬಿದ್ದಾಗಲೇ ಚಕ್ಕೆ ಏಳುತ್ತದೆ. ಎರಡಡಿ ಎತ್ತರದ ಪಾಲ್ಮಾ ಎದೆಗೆ ಅಡ್ಡ ನಿಂತರೆ ಬಾಗುವುದಾದರೂ ಹೇಗೆ? ಕೆಲವು ನೊಗಗಳು ಸಿಕ್ಕಿದ್ದು ಸಮಾಧಿಗಳಲ್ಲಿ, ಸತ್ತವರ ತಲೆಯ ಸುತ್ತ ಇಟ್ಟ ಸ್ಥಿತಿಯಲ್ಲಿ. ಆಡಿದ ಚರ್ಮ ಕರಗಿಹೋಯಿತು, ಗೌರವಕ್ಕೆ ಕೆತ್ತಿದ ಕಲ್ಲು ಉಳಿಯಿತು. ನ್ಯೂಜೆರ್ಸಿ, ನ್ಯೂಯಾರ್ಕಿನ ಕನ್ನಡ ಮನೆಗಳವರು ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನ ರಾಕ್‌ಫೆಲ್ಲರ್ ವಿಭಾಗಕ್ಕೆ ಹೋದಾಗ ಈ ಮೂರೂ ಬಗೆಯ ಕಲ್ಲುಗಳನ್ನು ಹುಡುಕಿ ನೋಡಬೇಕು. ಮುಂಭಾಗ ನೋಡಿ ಮುಗಿಸಬೇಡಿ, ಸಾಧ್ಯವಾದರೆ ಹಿಂದಕ್ಕೂ ಸುತ್ತಿ ಬನ್ನಿ. ಕಲ್ಲು ಎಲ್ಲಿ ಕೂರುತ್ತಿತ್ತು ಎಂಬ ಗುಟ್ಟು ಅಲ್ಲಿದೆ.

ಮೆಕ್ಸಿಕೊದಲ್ಲಿ ಇನ್ನೊಂದು ಸಣ್ಣ ಕಲ್ಲೂ ಸಿಗುತ್ತದೆ. ಮುಷ್ಟಿಯಲ್ಲಿ ಹಿಡಿಯುವಂಥದ್ದು. ಪಂಡಿತರು ಮನೋಪ್ಲಾ ಎನ್ನುತ್ತಾರೆ. ಓಹಾಕಾದ ದೈನ್ಸೂ ಎಂಬಲ್ಲಿನ ಕೆತ್ತನೆಗಳಲ್ಲಿ ಮುಖಕ್ಕೆ ಜಾಲರಿ ಶಿರಸ್ತ್ರಾಣ ತೊಟ್ಟ ಆಳುಗಳು ಕೈಯಲ್ಲಿ ಉಂಡೆ ಹಿಡಿದಿದ್ದಾರೆ. ಅವರನ್ನು ಮೊದಲು ಚೆಂಡಾಟಗಾರರು ಎಂದುಕೊಂಡಿದ್ದರು. ಕಲ್ಲು ಹಿಡಿದು ಗುದ್ದಾಡುವ ಧಾರ್ಮಿಕ ಮುಷ್ಟಿಕಾಳಗದವರು ಅವರು ಎಂದು ಕಾರ್ಲ್ ಟಾಬೆ ಮತ್ತು ಮಾರ್ಕ್ ಜೆಂಡರ್ ಎಂಬ ವಿದ್ವಾಂಸರು 2009ರಲ್ಲಿ ವಾದಿಸಿದರು. ಮೈಸೂರಿನವನಿಗೆ ಇದನ್ನು ಓದಿದರೆ ತಟ್ಟನೆ ನೆನಪಾಗುವುದು ವಜ್ರಮುಷ್ಟಿ.

ವಿಜಯದಶಮಿಯ ಬೆಳಿಗ್ಗೆ ಮೈಸೂರು ಅರಮನೆಯ ತೊಟ್ಟಿಯಲ್ಲಿ ಎರಡು ಜೋಡಿ ಜೆಟ್ಟಿಗಳು ಸೆಣಸುತ್ತಾರೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜೆಟ್ಟಿ ಮನೆತನಗಳಿಂದ ಬಂದವರು. ತಲೆ ಬೋಳಿಸಿ ಜುಟ್ಟು ಬಿಟ್ಟಿರುತ್ತಾರೆ. ಬಲಗೈಯ ಬೆರಳುಗಳಿಗೆ ವಜ್ರಮುಷ್ಟಿ ತೊಡುತ್ತಾರೆ. ಅದು ದಂತದಲ್ಲೋ ಕೊಂಬಿನಲ್ಲೋ ಮಾಡಿದ ಮೊನೆಯುಳ್ಳ ಸಾಧನ. ಎದುರಾಳಿಯ ತಲೆಯಿಂದ ಮೊದಲ ರಕ್ತ ಚಿಮ್ಮಿದ ಕೂಡಲೇ ಕಾಳಗ ನಿಲ್ಲುತ್ತದೆ. ಎಷ್ಟೋ ಸಲ ಒಂದು ನಿಮಿಷವೂ ಹಿಡಿಯುವುದಿಲ್ಲ. ಅದಾದ ಮೇಲೆ ರಾಜವಂಶಸ್ಥರು ಬನ್ನಿ ಪೂಜೆಗೆ ಹೊರಡುತ್ತಾರೆ. ಇಲ್ಲಿ ಗೆಲುವು ಸೋಲು ಗೌಣ. ನೆಲಕ್ಕೆ ಬಿದ್ದ ರಕ್ತವೇ ಆ ವಿಧಿಯ ತಿರುಳು. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್, ಮಹಾನವಮಿಯಲ್ಲಿ ಜಟ್ಟಿಗಳು ಮೊನೆಯುಳ್ಳ ಬಳೆಗಳನ್ನು ಕೈಯಲ್ಲಿ ಹಿಡಿದು ಗುದ್ದಾಡುತ್ತಿದ್ದುದನ್ನೂ, ಹೆಚ್ಚು ಗಾಯವಾದವನಿಗೇ ಅರಸನಿಂದ ರೇಷ್ಮೆ ಬಟ್ಟೆಯ ಉಡುಗೊರೆ ಸಿಗುತ್ತಿದ್ದುದನ್ನೂ ಬರೆದಿದ್ದಾನೆ. ಗಾಯಗೊಂಡವನಿಗೆ ಉಡುಗೊರೆ ಎಂಬ ಈ ಒಂದು ವಿವರ ಸಾಕು, ಇದು ಪಂದ್ಯಕ್ಕಿಂತ ಹೆಚ್ಚಾಗಿ ಅರ್ಪಣೆಯಾಗಿತ್ತು ಎಂದು ತಿಳಿಯಲು. ವಜ್ರಮುಷ್ಟಿಯಲ್ಲಿ ಮಾತ್ರ ದುಡಿಯುವ ಸಾಧನವೂ ಮೆರೆಯುವ ಸಾಧನವೂ ಒಂದೇ.

ಜೆಟ್ಟಿಗಳ ಮೂಲದ ಎಳೆ ಗುಜರಾತಿಗೆ ಹೋಗುತ್ತದೆ. ಬರೋಡಾದ ಗಾಯಕವಾಡರೂ ಇಂಥ ಮಲ್ಲರನ್ನು ಸಾಕಿದ್ದರು. ಮಲ್ಲಪುರಾಣ ಅಚ್ಚಾದದ್ದೂ ಅಲ್ಲೇ, 1964ರಲ್ಲಿ, ಅಲ್ಲಿಯ ಓರಿಯಂಟಲ್ ಇನ್‌ಸ್ಟಿಟ್ಯೂಟಿನಿಂದ. ಬಾಂದ್ರಾ ಟರ್ಮಿನಸ್ಸಿನಿಂದ ಗುಜರಾತಿನ ಕಡೆಗೆ ಹೊರಡುವ ರೈಲುಗಳಲ್ಲಿ ಬಹಳಷ್ಟು ವಡೋದರಾದಲ್ಲಿ ನಿಲ್ಲುತ್ತವೆ. ಇಳಿದರೆ ಸಯಾಜಿ ಬಾಗಿನ ಬರೋಡಾ ಮ್ಯೂಸಿಯಂಗೆ ಹೋಗಿ ಗಾಮಾ ಪೈಲ್ವಾನನ ಕಲ್ಲು ನೋಡಿ. 1902ರ ಡಿಸೆಂಬರ್ 23ರಂದು ಗಾಮಾ ಇದನ್ನು ಎತ್ತಿದ ಎಂದು ಬರೆದಿದ್ದಾರೆ, ತೂಕ 1200 ಕಿಲೋ ಎನ್ನುತ್ತಾರೆ. ನೆಲದಿಂದ ಸರಳು ಎತ್ತುವ ಇಂದಿನ ವಿಶ್ವದಾಖಲೆಯೇ 500 ಕಿಲೋ ಆಸುಪಾಸಿನಲ್ಲಿದೆ. ಹಾಗಾಗಿ 1200 ಎಂಬ ಅಂಕಿಯನ್ನು ಎತ್ತಿದ ಅಳತೆ ಎಂದು ಓದುವುದು ಸರಿಯಲ್ಲ. ಹಿಡಿಗೆ ಸಿಗದ ಆ ಬಂಡೆಯನ್ನು ತಬ್ಬಿ ಅಲುಗಿಸಿದ್ದೇ ದೊಡ್ಡದು. ಬೆರಗಾದ ಜನ ಅದಕ್ಕೆ ಹೆಸರು, ತಾರೀಖು ಕೊಟ್ಟು ನಿಲ್ಲಿಸಿದರು. ಆ ದಿನದಿಂದ ಅದು ದುಡಿಯುವ ಕಲ್ಲಾಗಿ ಉಳಿಯಲಿಲ್ಲ, ವೆರಾಕ್ರೂಜಿನ ನೊಗಗಳ ಸಾಲಿಗೆ ಸೇರಿತು.

ಮುಂಬಯಿಯಲ್ಲಿ ಗಿರಣಿಗಳು ತುಂಬಿದ್ದ ಕಾಲದಲ್ಲಿ ಕಾರ್ಮಿಕರ ಬೀದಿಗಳಲ್ಲಿ ತಾಲೀಮುಗಳು, ಅಂದರೆ ಅಲ್ಲಿಯ ಗರಡಿಗಳು, ಇದ್ದವು. ಗಿರಣಿ ಮುಚ್ಚಿದವು, ತಾಲೀಮಿನ ಜಾಗದಲ್ಲಿ ಮನೆ ಅಂಗಡಿ ಎದ್ದವು. ನಮ್ಮ ಊರುಗಳ ಗರಡಿ ಮನೆಗಳ ಗತಿಯೂ ಬಹುಮಟ್ಟಿಗೆ ಇದೇ. ಬೆಳ್ಳಿಗದೆಗೆ ಕಪಾಟು ಸಿಗುತ್ತದೆ. ಕಲ್ಲಿನ ನಾಲ್, ಕತ್ತಿನ ಬಳೆ, ಗುಂಡು ಇವು ಪಾಯಕ್ಕೆ ಬೀಳುತ್ತವೆ, ಬಾಗಿಲಿಗೆ ಒತ್ತಾಗಿ ಕೂರುತ್ತವೆ, ಇಲ್ಲವೇ ಹಳೆ ಸಾಮಾನಿನ ಅಂಗಡಿಗೆ ಹೋಗುತ್ತವೆ. ವೆರಾಕ್ರೂಜಿನ ಆಟಗಾರರ ಚರ್ಮದ ಕವಚಗಳನ್ನು ಮಣ್ಣು ತಿಂದಿತು, ಅದಕ್ಕೆ ಯಾರೂ ಏನೂ ಮಾಡುವಂತಿರಲಿಲ್ಲ. ಕಲ್ಲಿನ ಸಾಧನಗಳನ್ನು ಕಳೆದುಕೊಳ್ಳುವುದಕ್ಕೆ ನಮಗೆ ಅಂಥ ನೆಪವಿಲ್ಲ.

ಈ ಸಲ ರಜೆಗೆ ಊರಿಗೆ ಹೋದಾಗ ಗರಡಿ ಮನೆಗೊಮ್ಮೆ ಹೋಗಿ. ಕಲ್ಲುಗಳನ್ನು ಹೊರಗೆ ತೆಗೆಸಿ ರೇಷನ್ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ. ಹಿಡಿಯ ಒಳಭಾಗ ಕಾಣುವಂತೆ, ತಳ ಕಾಣುವಂತೆ, ಅಕ್ಷರವಿದ್ದರೆ ಅದು ಓದುವಂತೆ ಫೋಟೊ ತೆಗೆಯಿರಿ. ಯಾವ ಕಲ್ಲನ್ನು ಯಾರು ಎತ್ತುತ್ತಿದ್ದರು, ಯಾರು ಮಾಡಿಸಿಕೊಟ್ಟರು, ಯಾವ ಹಬ್ಬದಲ್ಲಿ ಅದಕ್ಕೆ ಪೂಜೆ ಎಂಬುದನ್ನು ಗರಡಿಯ ಗುರು ವಸ್ತಾದರ ಬಾಯಿಂದಲೇ ಕೇಳಿ ಬರೆದಿಟ್ಟುಕೊಳ್ಳಿ. ಹಳೆಯ ಬಣ್ಣ, ಕುಂಕುಮ ತಿಕ್ಕಿ ತೊಳೆಯಬೇಡಿ, ಅದೂ ದಾಖಲೆಯೇ. ಬರೆದದ್ದರ ಒಂದು ಪ್ರತಿಯನ್ನು ಊರ ಶಾಲೆಗೆ, ಇನ್ನೊಂದನ್ನು ಹತ್ತಿರದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕೊಡಿ.